ಕಾಯೂದು ನೀರಿನ ಕೆಲಸ

ಕಾಕುವಿನ ಬೆರಳುಗಳು ಹಸಿಶುಂಠಿಯಂತೆ ಗಂಟುಗಂಟಾಗಿದ್ದವು. ಚಳಿಗಾಲದ ಬೆಳಿಗ್ಗೆ ಅವು ಮಡಿಸಿಕೊಂಡೇ ಏಳುತ್ತಿದ್ದವು. ಚಿಲಕ ತೆಗೆಯಲಿಕ್ಕಾಗಲಿ, ಸೆರಗು ಸಿಕ್ಕಿಸಲಿಕ್ಕಾಗಲಿ ಬಿಚ್ಚುತ್ತಿರಲಿಲ್ಲ. ಕಾಕು ಮೊಣಕೈಯಿಂದ ಬಚ್ಚಲಿನ ನಳ ತಿರುಗಿಸಿ, ಹಬೆಯಾಡುವ ನೀರಿನ ಕೆಳಗೆ ಎರಡೂ ಕೈ ಹಿಡಿದು, "ಏಳ್ರಿ ಮಹಾರಾಣಿಗೋಳ್ಯಾ, ಬೆಳಗಾತು" ಎಂದು ಬೆರಳುಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದರು. ಎಲ್ಲಕ್ಕಿಂತ ತಡವಾಗಿ ಏಳುತ್ತಿದ್ದದ್ದು ಎಡಗೈಯ ಕಿರುಬೆರಳು. ಅದಕ್ಕೆಂದೇ ಒಂದು ಬೈಗುಳ ಮೀಸಲಿತ್ತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಕ್ಕಲಕೋಟದಲ್ಲಿ ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ. ಆ ಗಂಟುಬೆರಳುಗಳಿಂದ ಅವರು ಬಡಿಯುತ್ತಿದ್ದ ಖಡಕ್ ಜೋಳದ ರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತಿತ್ತು. ದೇವರಿಗೆ ಬಂದ ಪರಊರ ಮಂದಿ ಬಸ್ಸು ಹತ್ತುವ ಮುಂಚೆ ಆ ರೊಟ್ಟಿಯ ಕಟ್ಟನ್ನೂ ಶೇಂಗಾ ಚಟ್ನಿಯನ್ನೂ ಅಂಗಡಿಯಲ್ಲಿ ಕೇಳಿ ಒಯ್ಯುತ್ತಿದ್ದರು. ಮಕ್ಕಳಿಲ್ಲದ, ಗಂಡ ತೀರಿಹೋಗಿ ಬಹಳ ವರ್ಷವಾಗಿದ್ದ ಕಾಕುವಿನ ಸಂಸಾರ ನಡೆದದ್ದು ಆ ರೊಟ್ಟಿಯ ಮೇಲೆ. ಹಿಟ್ಟು ನಾದಲು ಬಿಸಿನೀರು ಬೇಕು, ನಾದುವ ಕೈ ಬಿಚ್ಚಲೂ ಬಿಸಿನೀರು ಬೇಕು. ಬಿಸಿ ಪಾತೇಲಿ ಎತ್ತುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ. ಒಮ್ಮೆ ಎತ್ತಲು ಹೋಗಿ ಪಾದ ಸುಟ್ಟುಕೊಂಡ ಕಲೆ ಹಾಗೇ ಉಳಿದಿತ್ತು. ಹಾಗಾಗಿ ನಳ ತಿರುಗಿಸಿದರೆ ಬಿಸಿನೀರು ಬೀಳಬೇಕು, ಅವರಿಗೆ ಬೇಕಾದದ್ದು ಅಷ್ಟೇ.

ನಾನು ಅಲ್ಲಿಗೆ ಬಂದದ್ದು ಗಂಡನ ಮನೆಯವರು "ಸ್ವಲ್ಪ ದಿನ ಕಾಯಿ, ಕರೆಸಿಕೊಳ್ಳುತ್ತೇವೆ" ಎಂದು ಕಳಿಸಿದ ಮೇಲೆ. ತವರಿನಲ್ಲಿ ಕೂತು ಉಣ್ಣಲು ಮನಸ್ಸು ಒಗ್ಗಲಿಲ್ಲ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟಾವೆಲ್ ಕಾರಖಾನೆಯಲ್ಲಿ, ನೇಯ್ದು ಬಂದ ಟಾವೆಲ್ಲುಗಳ ಅಂಚು ನೋಡಿ ಕೆಟ್ಟದ್ದನ್ನು ಬದಿಗಿಡುವ ಕೆಲಸ ಹಿಡಿದೆ. ಕೋಣೆ ಕೇಳಲು ಹೋದ ದಿನ ಕಾಕು ಗಂಡನ ಸುದ್ದಿಯನ್ನೇ ತೆಗೆಯಲಿಲ್ಲ. "ರೊಟ್ಟಿ ಬಡಿಯಾಕ ಬರತೈತೇನ?" ಎಂದರು. ಹೂಂ ಎಂದು ಒಂದು ಬಡಿದು ತೋರಿಸಿದೆ. ಎರಡೂ ಬದಿ ತಿರುವಿ ನೋಡಿದರು.

"ಇದಕ್ಕ ರೊಟ್ಟಿ ಅಂತಾರೇನ್ ನಿಮ್ಮೂರಾಗ? ನಾವು ಗಾಳಿಗಿ ಬಾಗಲಾ ಬಡಕೋಬಾರ್ದಂತ ಇಂಥಾದ್ದ ಇಡ್ತೀವಿ. ಇರಲಿ, ಸಾಮಾನ ತಗೊಂಡ ಬಾ."

ಕಾಕು ನಾಗಣಸೂರಿನ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವರು. ಮಾತು ಬಿಗಿಯಾದಾಗ ಕುರಿಗಾರರ ದೇವರು ಬೀರೋಬಾನ ಆಣೆ ಇಡುತ್ತಿದ್ದರು. ವ್ಯವಹಾರಕ್ಕೆ ಮರಾಠಿ, ಜಗಳಕ್ಕೆ ಕನ್ನಡ ಎಂದು ಭಾಷೆಗಳನ್ನು ಹಂಚಿಕೊಂಡಿದ್ದರು. ಕಾಯಿಪಲ್ಲೆಯವನ ಜೊತೆ ಮರಾಠಿಯಲ್ಲಿ ಶುರುವಾದ ಮಾತು ಕನ್ನಡಕ್ಕೆ ತಿರುಗಿತೆಂದರೆ ಅವನು ತಕ್ಕಡಿ ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದ.

ಬಚ್ಚಲಿನ ನಳಕ್ಕೆ ಬಿಸಿನೀರು ಕೊಡುತ್ತಿದ್ದ ಕರೆಂಟಿನ ಬಾಯ್ಲರನ್ನು ಮನೆಬಾಗಿಲಿಗೆ ಬಂದು ಮಾರಿದವನು ಕಾಕುವಿನ ಹಳೆಯ ತಾಮ್ರದ ಬಂಬನ್ನು ಬದಲಿಗೆ ತೆಗೆದುಕೊಂಡು ಹೋಗಿದ್ದ. ಹೊಟ್ಟೆಯಲ್ಲಿ ಕಟ್ಟಿಗೆ ಉರಿಸಿ ನೀರು ಕಾಯಿಸುವ, ನಳವಿದ್ದ ಆ ಬಂಬು ಅತ್ತೆಯ ಕಾಲದ್ದು. ಅದರ ಜೊತೆಗೇ ಅವನು ಮನೆಗೊಂದು ಪಾಲಿಸಿಯನ್ನೂ ಮಾರಿದ. "ಇನ್ನ ಮ್ಯಾಲೆ ನಿಮ್ಮ ಮನಿ ನಾವು ಕಾಯ್ತೀವಿ ಕಾಕು. ಬಾಯ್ಲರ್, ಮಿಕ್ಸರ್, ಪಂಖಾ, ಏನ ಕೆಟ್ರೂ ಒಂದ ಫೋನ್ ಹಚ್ರಿ, ಬಂದ ದುರುಸ್ತ ಮಾಡ್ತೀವಿ." ಕಾಕುವಿಗೆ ಆ ಮಾತು ಹಿಡಿಸಿತು. ಪ್ರತಿ ವರ್ಷ ತಪ್ಪದೆ ಅದಕ್ಕೆ ದುಡ್ಡು ಕಟ್ಟುತ್ತಿದ್ದರು. ಯಾಕೆ ಕಾಕು ಎಂದರೆ, "ಕುರಿ ಕಾಯಾಂವಗ ಕೊಡತಿದ್ದಿಲ್ಲೇನ? ಮನಿ ಕಾಯಾಂವಗೂ ಕೊಡಬೇಕು" ಎನ್ನುತ್ತಿದ್ದರು.

ಒಂದು ಚಳಿಗಾಲದ ನಡುವೆ ಬಾಯ್ಲರ್ ಕೈಕೊಟ್ಟಿತು. ಕೆಂಪು ದೀಪ ಉರಿಯುತ್ತಿತ್ತು, ನೀರು ಮಾತ್ರ ರಾತ್ರಿಯೆಲ್ಲ ಅಂಗಳದ ಚಳಿಯಲ್ಲಿಟ್ಟ ಹಾಗೆ. ನನ್ನ ಫೋನಿನಿಂದ ಕಂಪನಿಗೆ ಫೋನ್ ಹಚ್ಚಿದೆವು. ಹಿಂದಿ, ಮರಾಠಿ ಎಲ್ಲ ಬಂದು ಹೋದಮೇಲೆ ಕನ್ನಡದ ಸರದಿ ಬಂತು. ದೂರದ ಯಾವುದೋ ಊರಿನ ಹುಡುಗಿ ಜೇನಿನಂಥ ದನಿಯಲ್ಲಿ, "ದಯವಿಟ್ಟು ಕಾಯಿರಿ ಮೇಡಂ" ಎಂದಳು. ಸಂಗೀತ ಬಂತು. ಮತ್ತೆ, "ದಯವಿಟ್ಟು ಕಾಯಿರಿ."

ಕಾಕು ಫೋನು ಕಸಿದುಕೊಂಡರು. "ನಾ ಯಾಕ ಕಾಯಲೆವ್ವಾ? ಕಾಯೂದು ನೀರಿನ ಕೆಲಸ. ಅದು ಕಾಯಾಕ ಒಲ್ಲದು ಅಂತನ ನಿನಗ ಫೋನ್ ಹಚ್ಚೀನಿ!"

ಆ ಕಡೆಯಿಂದ ಹುಡುಗಿ, "ಅರ್ಥ ಆಗಲಿಲ್ಲ ಮೇಡಂ. ಲೈನಿನಲ್ಲೇ ಕಾಯ್ತಾ ಇರಿ" ಎಂದಳು. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಕಾಕು ನಗಲಿಲ್ಲ.

ಆಮೇಲೆ ಶುರುವಾಯಿತು ಕಂಪನಿಯವರ ನೆವಗಳ ಮೆರವಣಿಗೆ. ಅಕ್ಕಲಕೋಟ ನಮ್ಮ ಹದ್ದಿನಲ್ಲಿ ಬರುವುದಿಲ್ಲ ಎಂದರು. ಬರುತ್ತದೆ, ಆದರೆ ದುರಸ್ತಿಯ ಹುಡುಗ ರಜೆಯಲ್ಲಿದ್ದಾನೆ ಎಂದರು. ಹುಡುಗ ಬಂದ, ಬಾಯ್ಲರಿನ ನಾಲ್ಕೂ ಕಡೆಯಿಂದ ಫೋಟೋ ಹೊಡೆದುಕೊಂಡ, ಪಾರ್ಟು ಪುಣೆಯಿಂದ ಬರಬೇಕು ಎಂದು ಹೇಳಿ ಹೋದ. ಓಣಿಯ ಮಿಸ್ತ್ರಿಯನ್ನು ಕರೆದರೆ ಅವನು ಸ್ಕ್ರೂ ಮೇಲಿನ ಸೀಲು ನೋಡಿ ಕೈ ಹಿಂದೆ ತೆಗೆದ. "ನಾ ಇದನ್ನ ಮುಟ್ಟಿದ್ರ ಅವರು ಹೊಳ್ಳಿ ಬರಾಂಗಿಲ್ಲ ಕಾಕು. ಪಾಲಿಸಿ ಹೋಗತೈತಿ." ಹೀಗೆ ಮನೆ ಕಾಯುವವರು ತಾವೂ ಬರಲಿಲ್ಲ, ಬೇರೆಯವರಿಗೂ ಬಿಡಲಿಲ್ಲ.

ನಾನು ಬಸ್ಸಿಗೆ ಹೋಗುವ ಮುಂಚೆ ಒಲೆಯ ಮೇಲೆ ನೀರು ಕಾಯಿಸಿ ಅವರ ಕೈಗೆ ಹಾಕುತ್ತಿದ್ದೆ. ನಾನು ಹೋದ ಸ್ವಲ್ಪ ಹೊತ್ತಿಗೇ ಬೆರಳು ಮತ್ತೆ ಮಡಿಸಿಕೊಳ್ಳುತ್ತಿದ್ದವು. ಕೆಳಗಿನಿಂದ ಬರುತ್ತಿದ್ದ ರೊಟ್ಟಿಯ ಸಪ್ಪಳ ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅಂಗಡಿಯವನು ಕೆಲವು ದಿನ ತಾಳಿ, ಬೇರೆಯವರ ರೊಟ್ಟಿ ಇಟ್ಟುಕೊಂಡ. ಒಂದು ಸಂಜೆ ನಾನು ಬಂದಾಗ ಅಡುಗೆಮನೆಯ ತುಂಬ ನೀರು ಚೆಲ್ಲಿತ್ತು, ಪಾತೇಲಿ ಮಗುಚಿ ಬಿದ್ದಿತ್ತು. ಕಾಕು ಕಾಲು ಮೇಲೆ ಎತ್ತಿಕೊಂಡು ಮಣೆಯ ಮೇಲೆ ಕೂತಿದ್ದರು. ಸುಟ್ಟಿರಲಿಲ್ಲ. ಎದುರಿಗೆ, ಹಿಟ್ಟು ನಾದುವ ಅಗಲವಾದ ಪರಾತದಲ್ಲಿ, ಒಣಹಿಟ್ಟು ಹಾಗೇ ಇತ್ತು.

"ಈ ಕೈ ಹೋದ್ರ ನಾ ಯಾರ ಬಾಗಲಕ್ಕ ಹೋಗಿ ನಿಂದರಲಿ?" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅಷ್ಟರಲ್ಲಿ ನನ್ನ ಫೋನು ಟಿಣ್ ಎಂದಿತು. ಕಂಪನಿಯ ಸಂದೇಶ. ನಿಮ್ಮ ಬಾಯ್ಲರ್ ಯಶಸ್ವಿಯಾಗಿ ದುರಸ್ತಿಯಾಗಿದೆ, ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ನಕ್ಷತ್ರ ನೀಡಿ ಎಂದಿತ್ತು. ಓದಿ ಹೇಳಿದೆ. ಕಾಕು ಇನ್ನೊಮ್ಮೆ ಓದಿಸಿದರು. ಎದ್ದು ಬಚ್ಚಲಿಗೆ ಹೋಗಿ, ಮೊಣಕೈಯಿಂದ ನಳ ತಿರುಗಿಸಿ, ಕೈ ಹಿಡಿದು ನೋಡಿ ಬಂದರು. ಬಹುಶಃ ನಿಜವೇ ಇರಬಹುದೇನೋ ಎಂಬ ಒಂದು ಆಸೆ. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಚುಕ್ಕಿ ಕೊಡಬೇಕಂತೇನ?"

"ಹೂಂ. ಐದರ ತನಕ ಕೊಡಬಹುದಂತ."

"ಫೋನಿನ್ಯಾಗ ಬ್ಯಾಡ. ನಾನ ಖುದ್ ಹೋಗಿ ಕೊಟ್ಟ ಬರ್ತೀನಿ. ನಾಳಿ ರಜಾ ಹಾಕು."

ಮರುದಿನ ಸೊಲ್ಲಾಪುರದ ಬಸ್ಸಿನಲ್ಲಿ ಕಾಕುವಿನ ತೊಡೆಯ ಮೇಲೆ ಪರಾತ, ಅದರಲ್ಲಿ ಹಿಟ್ಟಿನ ಚೀಲ, ಒಂದು ತಂಬಿಗೆ. ಯಾರೋ ನೆಂಟರಿಗಿರಬೇಕು ಎಂದುಕೊಂಡೆ. ಕಂಡಕ್ಟರ್ ಪರಾತಕ್ಕೂ ತಿಕೀಟು ತೆಗೆಸಬೇಕು ಕಾಕು ಎಂದು ಚೇಷ್ಟೆ ಮಾಡಿದ. ಬೇರೆ ದಿನವಾಗಿದ್ದರೆ ಅವನು ಬೈಸಿಕೊಳ್ಳುತ್ತಿದ್ದ. ಅಂದು ಕಾಕು ಕಿಟಕಿಯಾಚೆ ನೋಡುತ್ತ ಕೂತೇ ಇದ್ದರು.

ಕಂಪನಿಯ ಶೋರೂಮಿಗೆ ಗಾಜಿನ ಬಾಗಿಲು, ಮುಖ ಕಾಣುವಂಥ ನೆಲ. ಗೋಡೆಯ ಮೇಲೆ ಸಾಲಾಗಿ ಬಾಯ್ಲರುಗಳು. ಅದರಲ್ಲೊಂದಕ್ಕೆ ಗಿರಾಕಿಗಳಿಗೆ ತೋರಿಸಲೆಂದು ನೀರು ಜೋಡಿಸಿ, ಕೆಳಗೆ ಬಿಳಿ ಬೇಸಿನ್ ಇಟ್ಟಿದ್ದರು. ಮ್ಯಾನೇಜರ್ ಎದ್ದು ಬಂದು ನಗುನಗುತ್ತ ಮರಾಠಿಯಲ್ಲಿ ಕೇಳಿದ, "ಕಾಯ್ ಝಾಲಂ ಕಾಕು? ಕಾಯ್ ಪಾಹಿಜೆ?" ಏನಾಯಿತು, ಏನು ಬೇಕು ಎಂದಷ್ಟೇ ಅದರ ಅರ್ಥ. ಮರಾಠಿಯ 'ಕಾಯ್' ಅಂದರೆ 'ಏನು' ಎಂದು ಕಾಕುವಿಗೆ ಗೊತ್ತಿಲ್ಲವೇ? ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ ಅಂದು ಅವರ ಕಿವಿ ಬರೀ ಕನ್ನಡದ್ದಾಗಿತ್ತು.

"ಕಾಯಾಂಗಿಲ್ಲ!" ಎಂದರು. "ಫೋನಿನ್ಯಾಗೂ ಕಾಯಿ, ಇಲ್ಲಿ ಬಂದ್ರೂ ಕಾಯಿ? ಬೀರೋಬಾನ ಆಣಿ, ಕಾಯಾಂಗಿಲ್ಲ."

ಮ್ಯಾನೇಜರ್ ಬೆಪ್ಪಾದ. ಆಮೇಲೆ ಅವನ ತುಟಿಯಂಚಿನಲ್ಲಿ ನಗು ಅಲುಗಿತು. ಅವನ ಮನೆಯಲ್ಲೂ ಆಡುವುದು ಕನ್ನಡವೇ ಎಂದು ಗೊತ್ತಾದದ್ದು ಆಗ. "ಕಾಕು, ಪಾರ್ಟ್ ಪುಣೆದಿಂದ ಬರೂದೈತ್ರಿ. ಅಲ್ಲೀತನ ನೀವು ತುಸು..." ಎಂದವನು ಮುಂದಿನ ಶಬ್ದವನ್ನು ನುಂಗಿಕೊಂಡ.

"ಬರಲಿ ತಗೋ. ಅಲ್ಲೀತನ ನನ್ನ ಕೆಲಸ ನಾ ಇಲ್ಲೇ ಮಾಡ್ತೀನಿ."

ಕಾಕು ನೇರವಾಗಿ ಬೇಸಿನ್ ಬಳಿ ನಡೆದರು. ಮೊಣಕೈಯಿಂದ ನಳ ತಿರುಗಿಸಿದರು. ಹಬೆ ಎದ್ದಿತು. "ಏಳ್ರಿ ಮಹಾರಾಣಿಗೋಳ್ಯಾ" ಎಂದದ್ದು ಇಡೀ ಶೋರೂಮಿಗೆ ಕೇಳಿಸಿತು. ಬೆರಳು ಒಂದೊಂದಾಗಿ ಎದ್ದವು. ಕಿರುಬೆರಳಿಗೆ ಸಲ್ಲಬೇಕಾದದ್ದೂ ಸಂದಿತು. ಆಮೇಲೆ ಆ ಹೊಳೆಯುವ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಪರಾತದಲ್ಲಿ ಹಿಟ್ಟು ಸುರಿದು, "ಏ ಹುಡುಗಿ, ಆ ನಳದಾಗಿಂದ ನೀರ ಹಿಡಕೊಂಡ ಬಾ" ಎಂದು ನನಗೆ ತಂಬಿಗೆ ಚಾಚಿದರು.

ನನಗೆ ನಾಚಿಕೆಯಾಯಿತು. ಎಲ್ಲರೂ ನೋಡುತ್ತಿದ್ದರು. ಆದರೂ ನೀರು ಹಿಡಿದು ತಂದು ಕೊಟ್ಟೆ. ಕಾಕು ನಾದಿದರು, ಮುದ್ದೆ ಮಾಡಿದರು, ಬಡಿದರು. ಟಪ್ ಟಪ್ ಟಪ್. ಎಷ್ಟೋ ದಿನದಿಂದ ನಿಂತುಹೋಗಿದ್ದ ಆ ಸಪ್ಪಳ ಗಾಜಿನ ಗೋಡೆಗಳ ನಡುವೆ ಎದ್ದಾಗ ನನ್ನ ನಾಚಿಕೆ ಎಲ್ಲಿ ಹೋಯಿತೋ ತಿಳಿಯದು. ಎದ್ದು ಕುಣಿಯಬೇಕು ಅನ್ನಿಸಿತು.

"ಕಾಕು, ಇದು ಶೋರೂಮ್ ಐತ್ರಿ. ಹಿಂಗ ಮಾಡಬ್ಯಾಡ್ರಿ, ಗಿರಾಯಿಕಿ ಮಂದಿ ಅದಾರ."

"ಮತ್ತ ನಾ ಯಾರು? ನಿಮ್ಮ ಕಡೆ ನೀರ ಭಾಳ ಚೊಲೋ ಕಾಯ್ತಾವ ನೋಡಪಾ. ದಿನಾ ಬರ್ತೀನಿ. ಇವತ್ತ ಬರೇ ಬಡಿಯೂದು, ನಾಳಿ ಒಲಿ ತರ್ತೀನಿ."

ಹೊಸ ಬಾಯ್ಲರ್ ಕೊಳ್ಳಲು ಬಂದ ಒಬ್ಬ ತರುಣ ಹೆಂಡತಿಯೊಡನೆ ಹತ್ತಿರ ಬಂದು, ಈ ಕಂಪನಿಯ ಮಾಲು ಹೇಗೆ ಎಂದು ಕಾಕುವನ್ನೇ ಕೇಳಿದ. "ಬಾಯ್ಲರ್ ಚೊಲೋನ ಐತಿ ತಮ್ಮಾ. ನಿನ್ನ ಮನಿ ಕಾಯ್ತೀವಿ ಅಂತ ಅಂದ್ರ ಅಷ್ಟ ನಂಬಬ್ಯಾಡ. ನಮ್ಮಪ್ಪ ಕುರಿ ಕಾಯತಿದ್ದ, ಒಂದ ಮರಿ ಕುಂಟಿದ್ರೂ ಗೊತ್ತಾಗತಿತ್ತು. ಇವರು ಇಲ್ಲೇ ಕುಂತ, ಕುರಿ ಗುಡ್ಡಕ್ಕ ಹೋಗಿ ಮೇದ ಬಂತು ಅಂತ ಹೇಳ್ತಾರ." ಗಂಡಹೆಂಡತಿ ಮುಖ ಮುಖ ನೋಡಿಕೊಂಡು ಮೆಲ್ಲಗೆ ಹೊರಗೆ ನಡೆದರು.

ಮ್ಯಾನೇಜರ್ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದ. ಮೆಕ್ಯಾನಿಕ್ ಬಂದ. ಪುಣೆಯಿಂದ ಬರಬೇಕಿದ್ದ ಪಾರ್ಟನ್ನು ಅವನು ನಮ್ಮ ಕಣ್ಣೆದುರೇ ಆ ಪ್ರದರ್ಶನದ ಬಾಯ್ಲರಿನ ಹೊಟ್ಟೆಯೊಳಗಿಂದ ಬಿಚ್ಚಿಕೊಂಡ. ಅಲ್ಲಿಯೇ ಇತ್ತು, ಇಷ್ಟು ದಿನವೂ ಅಲ್ಲಿಯೇ ಇತ್ತು! ನಮ್ಮಿಬ್ಬರನ್ನೂ ಕಲಸಿದ ಹಿಟ್ಟಿನ ಸಮೇತ ಅವನ ಗಾಡಿಯಲ್ಲೇ ಕೂರಿಸಿ ಅಕ್ಕಲಕೋಟಕ್ಕೆ ಕಳಿಸಿದರು. ಸಂಜೆಯೊಳಗೆ ನಮ್ಮ ಬಚ್ಚಲಿನಲ್ಲಿ ಹಬೆ ಎದ್ದಿತು. ಆ ಹಿಟ್ಟಿನ ಮೊದಲ ರೊಟ್ಟಿಯನ್ನು ಕಾಕು ಮೆಕ್ಯಾನಿಕ್‌ನ ಮುಂದೆಯೇ ಇಟ್ಟರು. ಅವನು ತಿನ್ನಲು ಹಿಂಜರಿದ. "ನನ್ನ ಜಗಳ ಕಂಪನಿ ಜೋಡಿ ಐತಿ, ನಿನ್ನ ಜೋಡಿ ಇಲ್ಲ. ಚಟ್ನಿ ಹಚ್ಚಿಕೊಂಡ ತಿನ್ನು" ಎಂದು ಗದರಿಸಿದರು.

ಅಂಗಡಿಯವನು ವಾರದೊಳಗೆ ಮತ್ತೆ ಬಾಗಿಲಿಗೆ ಬಂದ. ಅವನನ್ನು ಕಾಕು ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ಯುಗಾದಿ ಹತ್ತಿರ ಬಂದಾಗ ನನ್ನ ಗಂಡನ ಫೋನು ಬಂತು. ಎಂದಿನ ಮಾತೇ. ಅವ್ವನ ಮನಸ್ಸು ಇನ್ನೂ ತಿಳಿಯಾಗಿಲ್ಲ, ಇನ್ನೊಂದಿಷ್ಟು ದಿನ ಕಾಯಿ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ. ಪ್ರತಿ ಸಲ ಹೂಂ ಎನ್ನುತ್ತಿದ್ದ ಬಾಯಿ ಅಂದು ಬೇರೆಯದನ್ನೇ ಹೇಳಿತು. "ಕಾಯೂದು ನೀರಿನ ಕೆಲಸ. ನಾ ಕಾಯಾಂಗಿಲ್ಲ." ಅವರು ಏನು ಏನು ಎಂದು ಕೇಳುತ್ತಿದ್ದಂತೆ ಫೋನು ಇಟ್ಟೆ. ಎದೆ ಹಗುರಾಗಿತ್ತು. ಕೆಳಗಿನ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಮರುದಿನ ಕಾಕು ನಾನು ಬಡಿದ ರೊಟ್ಟಿಗೆ ಮೊದಲ ಸಲ ಹೆಸರಿಡದೆ ಉಂಡರು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೆಳಗೆ ನಳದ ಸದ್ದು ಬರಲಿಲ್ಲ. ಇಳಿದು ಹೋಗಿ ನೋಡಿದೆ. ಮಲಗಿದಲ್ಲೇ ಹೋಗಿದ್ದರು, ಬೆರಳು ಎದೆಯ ಮೇಲೆ ಮಡಿಸಿಕೊಂಡೇ ಇದ್ದವು.

ನಾಗಣಸೂರಿನಿಂದ ಬರಬೇಕಾದವರೆಲ್ಲ ಮಧ್ಯಾಹ್ನದೊಳಗೆ ಬಂದರು. ಕೊನೆಯ ಜಳಕಕ್ಕೆ ಅಂಗಳದಲ್ಲಿ ಹಲಗೆ ಹಾಕಿದ್ದರು. ಬಾಯ್ಲರಿನ ಗುಂಡಿ ಒತ್ತಿದವಳು ನಾನೇ. ಆಗ ಹಿರಿಯರೊಬ್ಬರು ಗೋಡೆಗೆ ಒರಗುತ್ತ, "ಬಾಜೂ ಮನಿಯಿಂದ ಚಾ ಬರಾಕತ್ತೈತಿ. ಎಲ್ಲಾರದೂ ಚಾ ಆಗಲಿ, ಒಂದೀಟ ಕಾಯೂಣು" ಎಂದರು. ಕೂತವರು ತಲೆಯಾಡಿಸಿದರು.

ನಾನು ಬಾಡಿಗೆಯವಳು. ರಕ್ತಸಂಬಂಧ ಇಲ್ಲ, ಆ ಅಂಗಳದಲ್ಲಿ ದನಿ ಎತ್ತುವ ಹಕ್ಕು ನನಗೆ ಯಾರೂ ಕೊಟ್ಟಿರಲಿಲ್ಲ. ಬಚ್ಚಲಿಗೆ ಹೋದೆ. ಕೈ ನೆಟ್ಟಗಿದ್ದರೂ ಮೊಣಕೈಯಿಂದಲೇ ನಳ ತಿರುಗಿಸಿದೆ. ಹಬೆ ಮುಖಕ್ಕೆ ಬಡಿಯಿತು. ಬಕೆಟ್ ತುಂಬಿಸಿ, ಹೊರಗೆ ತಂದು, ಹಲಗೆಯ ಪಕ್ಕ ಸಪ್ಪಳವಾಗುವಂತೆ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ನೀರ ಕಾದಾವ. ಕಾಕೂನ ಕಾಯಿಸಬ್ಯಾಡ್ರಿ."