ಅಕ್ಕನ ಮುಡಿಗೆ ನಾನಿಟ್ಟ ಕೇಪಳ ಹೂ

ಅಕ್ಕನ ಬೆರಳುಗಳು ಕಡಲ ಬದಿಯ ತೆಂಗಿನ ಮರಗಳ ಹಾಗೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಗಂಟುಗಳು ಊದಿ ಹೊಳೆಯುತ್ತಿದ್ದವು. ಅಂಥ ಕೈಯಲ್ಲೇ ಅವಳು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕೂತು ಬಂಗುಡೆಯ ತಲೆ, ಬಾಲ ತೆಗೆದು ಕೊಡುತ್ತಿದ್ದಳು. ಗಿರಾಕಿಗಳು ಮೀನು ಬಿಟ್ಟು ಕೈಯನ್ನೇ ನೋಡುತ್ತ ನಿಂತರೆ, "ಹ್ವಾಯ್, ಮೀನಿನ ಕಣ್ಣ್ ಕಾಣಿ. ನನ್ನ್ ಕೈ ಮಾರುಕ್ ಇಟ್ಟದ್ದಲ್ಲ" ಎನ್ನುತ್ತಿದ್ದಳು.

ಐಸಿನಲ್ಲಿಟ್ಟ ಮೀನನ್ನು ಈಗ ಬಂದದ್ದು ಎಂದು ಅವಳು ಯಾವತ್ತೂ ಮಾರಿದವಳಲ್ಲ. "ಇದ್ ನಿನ್ನಿದ್. ಹುರುಕಾತ್ತ್, ಸಾರಿಗ್ ಬ್ಯಾಡ" ಎಂದು ತಾನೇ ಹೇಳಿಬಿಡುವಳು. ಪಕ್ಕದಲ್ಲಿ ಕೂತ ಹೆಂಗಸರಿಗೆ ಸಿಟ್ಟು. "ನೀನ್ ಹಿಂಗೆ ಹೇಳಿರೆ ನಾವ್ ಬಾಯಿ ಹೊಲ್ಕಂಬುದಾ?" ಎಂದು ಒಬ್ಬಳು ಕೇಳಿದರೆ, "ಹೊಲ್ಕಣಿ. ನೂಲ್ ನಾನ್ ಕೊಡ್ತೆ" ಎಂದು ಅಕ್ಕ ತಲೆಯೆತ್ತದೆ ಹೇಳುತ್ತಿದ್ದಳು.

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಇಪ್ಪತ್ತು. ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ತ್ರಾಸಿಯ ನಮ್ಮ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅವಳು ಮದುವೆಯಾಗಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಂಗೊಳ್ಳಿಯ ಬೋಟಿಗೆ ಹೋದೆ. ಅಕ್ಷರ ಕಮ್ಮಿ. ಇದನ್ನು ಬರೆಯುವುದು ತಪ್ಪು ಒಪ್ಪಿಕೊಳ್ಳುವುದಕ್ಕೆ ಮಾತ್ರ.

ಅಕ್ಕನಿಗೆ ಮೂವತ್ತು ದಾಟುವಾಗಲೇ ಆಮವಾತ ಹಿಡಿಯಿತು. ವಯಸ್ಸಾದವರ ಗಂಟುನೋವಲ್ಲ, ಮೈಯೇ ತನ್ನ ಗಂಟುಗಳನ್ನು ತಿನ್ನುವ ರೋಗ ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ನುಂಗುತ್ತ ಹತ್ತು ಹನ್ನೆರಡು ವರ್ಷ ಕಳೆದಳು. ಒಂದು ಬೆಳಿಗ್ಗೆ ಬಲಗೈಯ ಕಿರುಬೆರಳು ಬಾಗಿತು, ಮತ್ತೆ ಏಳಲಿಲ್ಲ. ನೋವೂ ಇರಲಿಲ್ಲ. "ಕಾಣ್ ಮಾಣಿ, ಇದ್ ನನ್ನ್ ಮಾತ್ ಕೇಣುದಿಲ್ಲೆ" ಎಂದು ನಗುತ್ತಲೇ ತೋರಿಸಿದಳು.

ಸಾಸ್ತಾನದ ಟೋಲ್ ದಾಟಿ ದೊಡ್ಡ ಆಸ್ಪತ್ರೆಗೆ ಹೋದೆವು. ನಾನು ಬೋಟಿನವನೆಂದು ತಿಳಿದು ಡಾಕ್ಟರಮ್ಮ ಕೇಳಿದರು, "ಹಗ್ಗ ದಿನವೂ ಬೋಟಿನ ಅಂಚಿಗೆ ಉಜ್ಜಿದರೆ ಏನಾಗ್ತದೆ?"

"ಒಂದೊಂದೇ ಎಳೆ ಕಡಿತದೆ."

"ಇಲ್ಲೂ ಅದೇ. ಮಣಿಕಟ್ಟಿನ ಎಲುಬು ಒರಟಾಗಿದೆ. ಬೆರಳು ಎತ್ತುವ ಸ್ನಾಯುವಿನ ಹುರಿ ಅದರ ಮೇಲೆ ಉಜ್ಜಿ ಕಡಿದುಹೋಗಿದೆ. ಈಗ ಆ ಎಲುಬು ತೆಗೆದು, ಕಡಿದ ಹುರಿಯನ್ನು ಪಕ್ಕದ್ದಕ್ಕೆ ಹೊಲಿದರೆ ಉಳಿದ ಬೆರಳು ಉಳೀತದೆ. ತಡ ಮಾಡಿದರೆ ಪಕ್ಕದ್ದೂ ಹೋಗ್ತದೆ. ಆಮೇಲೆ ಹೊಲಿಯುವುದು ಯಾವುದಕ್ಕೆ?"

ಆ ಮಾತು ನನಗಿಂತ ಚೆನ್ನಾಗಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆಪರೇಷನ್ನಿಗೆ ಆಗಸ್ಟಿನ ಮೊದಲ ವಾರ ಗೊತ್ತಾಯಿತು. ಆರು ವಾರ ಕೈಗೆ ಪಟ್ಟಿ. ಉಣ್ಣಿಸಲು, ತಲೆ ಬಾಚಲು ಜನ ಬೇಕು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿಯುವುದೂ ಅದೇ ವಾರ. ಆ ವರ್ಷ ಬೋಟಿನ ಯಜಮಾನರು ನನ್ನನ್ನು ತಾಂಡೇಲ ಮಾಡುವ ಮಾತಾಡಿದ್ದರು. ಬೋಟು ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು ತಾಂಡೇಲ. ಹದಿನೆಂಟು ವರ್ಷ ಬಲೆ ಎಳೆದವನಿಗೆ ಅದು ಎಷ್ಟು ದೊಡ್ಡದೆಂದು ಬೇರೆಯವರಿಗೆ ಹೇಳಿದರೆ ತಿಳಿಯದು.

ಅಕ್ಕನಿಗೆ ಆಪರೇಷನ್ನೆಂದರೆ ಹೆದರಿಕೆ. "ಗುಡ್ಡಿ ಮೇಲಿನ ದೇವ್ರತ್ರ ಹೂ ಕೇಂಬ. ನಂಗೆ ಮೆಟ್ಲ್ ಹತ್ತುಕಾತಿಲ್ಲೆ, ನೀನೇ ಹೋಯ್ ಕೇಂಡ್ಕಂಡ್ ಬಾ. ಎಂತ ಬತ್ತೋ ಅದೇ ಸೈ" ಎಂದಳು. ಗುಡ್ಡದ ದೇವಸ್ಥಾನದಲ್ಲಿ ಭಟ್ರು ಬಿಳಿ ನಂದಿಬಟ್ಟಲನ್ನು ಒಂದು ಬಾಳೆಲೆ ತುಂಡಿನಲ್ಲಿ, ಕೆಂಪು ಕೇಪಳವನ್ನು ಇನ್ನೊಂದರಲ್ಲಿ ಮಡಚಿ ದೇವರ ಮುಂದೆ ಇಟ್ಟರು. ಬಿಳಿ ಬಂದರೆ ಮಾಡಬಹುದು, ಕೆಂಪು ಬಂದರೆ ಬೇಡ. ಕಣ್ಣು ಮುಚ್ಚಿ ಅಕ್ಕನ ಹೆಸರು ಹೇಳಿ ಒಂದನ್ನು ತೆಗೆದೆ. ಬಿಳಿ ಬಂತು.

ಮೆಟ್ಟಿಲು ಇಳಿಯುತ್ತಿರುವಾಗ ಯಜಮಾನರ ಫೋನು. "ಎಂತ ಮಾರಾಯ, ಬತ್ಯಾ ಇಲ್ಯಾ? ಇಲ್ದಿರೆ ಬೇರೆಯವ್ರಿಗ್ ಹೇಳ್ತೆ."

ಹದಿನೈದು ದಿನ ಕೊಡಿ ಎಂದು ಕೇಳಬಹುದಿತ್ತು. ಉಳಿದ ದಿನಕ್ಕೆ ಪಕ್ಕದ ಮನೆಯ ಚಿಕ್ಕಮ್ಮನಿಗೆ ಅಕ್ಕನನ್ನು ನೋಡಿಕೊಳ್ಳಲು ಹೇಳಬಹುದಿತ್ತು. ನಾನು "ಬತ್ತೆ" ಎಂದೆ. ಬಿಳಿ ಹೂವನ್ನು ಪೊದೆಗೆ ಎಸೆದು, ಮೆಟ್ಟಿಲ ಬುಡದ ಬೇಲಿಯಿಂದ ಒಂದು ಗೊಂಚಲು ಕೇಪಳ ಕೊಯ್ದೆ.

ಅಕ್ಕ ಕೆಂಪು ಹೂವನ್ನು ಅಂಗೈಯಲ್ಲಿಟ್ಟು ನೋಡಿದಳು. "ದೇವ್ರೇ ಬ್ಯಾಡ ಅಂದ್ಮೇಲೆ ಡಾಕ್ಟ್ರಮ್ಮ ಎಂತ ಮಾಡ್ತ್ರ್" ಎಂದಳು. ಆಮೇಲೆ ಬೆನ್ನು ತಿರುಗಿಸಿ ಕೂತು, "ಪ್ರಸಾದ ಅಲ್ದಾ, ಮುಡ್ಸ್. ನನ್ನ್ ಕೈ ಮೇಲೆ ಹೋತಿಲ್ಲೆ" ಎಂದಳು. ನಾನೇ ಮುಡಿಸಿದೆ.

ದೀಪಾವಳಿಯ ಹೊತ್ತಿಗೆ ಉಂಗುರದ ಬೆರಳೂ ಏಳದ ಹಾಗೆ ಬಾಗಿಬಿತ್ತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಶಿವರಾತ್ರಿ ಕಳೆದು ನಡುಬೆರಳೂ ಬಾಗಿಬಿತ್ತು. ಮೀನು ಜಾರಿ ಕತ್ತಿಯ ಮೇಲೆ ಕೈ ಹೋಗಿ, ಮಾರ್ಕೆಟ್ಟಿನ ಹೆಂಗಸರೇ ಅವಳನ್ನು ಮನೆಗೆ ತಂದು ಬಿಟ್ಟರು. ನಾನು ಆಗ ಕಡಲಲ್ಲಿ ತಾಂಡೇಲನಾಗಿದ್ದೆ.

ಮುಂದಿನ ಮಳೆಗಾಲದಲ್ಲಿ, ದೇವರನ್ನು ಕೇಳದೆ, ಆಪರೇಷನ್ ಮಾಡಿಸಿದೆವು. ಎಲುಬು ತೆಗೆದರು. ಹೊಲಿಯಲು ಪಕ್ಕದಲ್ಲಿ ಗಟ್ಟಿ ಹುರಿ ಉಳಿದಿಲ್ಲದ ಕಾರಣ ತೋರುಬೆರಳಿನದನ್ನೇ ಹಂಚಿದರು. ಚಾ ಲೋಟ ಹಿಡಿಯುವಷ್ಟು ಕೈ ಬಂತು. ಕತ್ತಿಯ ಮುಂದೆ ಅವಳು ಮತ್ತೆ ಕೂರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಹಣ್ಣುಕಾಯಿ ಮಾಡಿಸಲು, ಗುಡ್ಡದ ಹಿಂದಿನ ರಸ್ತೆಯಿಂದ ಆಟೋದಲ್ಲಿ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಭಟ್ರು ಅವಳ ಕೈ ನೋಡಿ, "ಹೋದ್ವರ್ಷ ಬಿಳಿ ಹೂ ಬಂದಿತ್ತಲ್ಲ. ಈಗ ಮಾಡಿಸಿದ್ದಾ?" ಎಂದರು.

ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಹೌದ್ ಭಟ್ರೆ, ಬಿಳಿಯೇ ಬಂದಿತ್ತ್. ನಂಗೇ ಹೆದ್ರಿಕೆ ಆಯ್ತ್" ಎಂದಳು. ನಿನ್ನೆಯ ಮೀನನ್ನು ಇವತ್ತಿನದು ಎನ್ನದವಳು, ನನಗೋಸ್ಕರ ದೇವರ ಎದುರು ಸುಳ್ಳು ಹೇಳಿದಳು.

ಆಟೋದಲ್ಲಿ ಕೇಳಿದ್ದು ಒಂದೇ. "ಆ ಕೆಂಪ್ ಹೂ ಎಲ್ಲ್ ಕೊಯ್ದದ್ದ್?"

"ಮೆಟ್ಲ್ ಹತ್ರ, ಬೇಲಿಂದ."

"ಹೂಂ."

ಬೈದಿದ್ದರೆ ಒಳ್ಳೆಯದಿತ್ತು. ಊಟ ಬಡಿಸುವುದು ನಿಲ್ಲಲಿಲ್ಲ, ಮಾತು ನಿಲ್ಲಲಿಲ್ಲ. ಚಿಕ್ಕಂದಿನಿಂದ ಕರೆಯುತ್ತಿದ್ದ ಹಾಗೆ ಮಾಣಿ ಎನ್ನುವುದೊಂದು ನಿಂತಿತು. ಮತ್ತೆ, ನಾನು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳದೆ ಅವಳು ನಂಬಲಿಲ್ಲ. ಹತ್ತು ಗಂಟೆಗೆ ಬಸ್ಸಿದೆ ಎಂದರೆ ಅಂಗಡಿಯವರನ್ನು ಕೇಳುವಳು. ಮಳೆ ಬಿಟ್ಟಿತು ಎಂದರೆ ಅಂಗಳಕ್ಕೆ ಇಳಿದು ಅಂಗೈ ಚಾಚುವಳು. ನಾನು ತಾಂಡೇಲನ ಕೆಲಸ ಬಿಟ್ಟು ಮನೆಯಲ್ಲಿ ಅವಳ ಹತ್ತಿರವೇ ಇದ್ದರೂ ಅದು ಬದಲಾಗಲಿಲ್ಲ.

ಹೋದ ವರ್ಷ ಆ ರೋಗ ಅವಳ ಶ್ವಾಸಕೋಶಕ್ಕೂ ಇಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಗುಣವಾಗುವುದಿಲ್ಲ ಎಂದರು. ಅವಳಿಗೆ ಬೇರೆ ಏನಾದರೂ ಹೇಳಿ ಎಂದರು. ನಾನು ಒಳಗೆ ಹೋಗಿ ಆ ವಾಲಿದ ಬೆರಳುಗಳನ್ನು ಹಿಡಿದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಬಾಟಲಿ ಬದಲಿಸುತ್ತಿದ್ದ ನರ್ಸಿನ ಕಡೆ ಕತ್ತು ತಿರುಗಿಸಿದಳು.

"ಹ್ವಾಯ್ ಸಿಸ್ಟರೆ, ಇವ ಹೇಳುದ್ ಹೌದಾ?"

ಸಿಸ್ಟರು ಒಮ್ಮೆ ನನ್ನನ್ನು ನೋಡಿ, ತಲೆ ತಗ್ಗಿಸಿ ಹೌದು ಎಂದರು.

"ಸೈ ಹಂಗಾರೆ" ಎಂದಳು ಅಕ್ಕ. ಅದನ್ನು ಅವಳು ಹೇಳಿದ್ದು ನನಗಲ್ಲ.