ಕಡಲ ಬಸವನಹುಳು ಮತ್ತು ಅವ್ವನ ಹೊಸ ಬಕೆಟ್

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಖಾನಾಪುರದಿಂದ ಬೆಳಗಾವಿಗೆ ದಿನಾ ರೈಲಿನಲ್ಲಿ ಹೋಗಿ ಸಂಶೋಧನೆ ಮಾಡುತ್ತಿದ್ದೆ. ಬಂಡೆಗೆ ಅಂಟಿಕೊಂಡು ಬದುಕುವ ಕಡಲ ಬಸವನಹುಳುವಿನ ಮೈಯಲ್ಲಿ ನೀರಿನೊಳಗಿನ ಸೀಸ, ಸತುವಿನಂಥ ಲೋಹಗಳು ಸೇರಿಕೊಳ್ಳುತ್ತವೆ. ಅದರ ಮಾಂಸ ಪರೀಕ್ಷಿಸಿದರೆ ನೀರು ಎಷ್ಟು ಕೆಟ್ಟಿದೆ ಎಂದು ತಿಳಿಯುತ್ತದೆ. "ಸಮುದ್ರ ಇಲ್ಲದ ಊರಾಗ ಇದೇನ ಹಚ್ಚೀಯವ್ವಾ?" ಎಂದು ರೈಲು ದೇಸೂರ ಸ್ಟೇಷನ್ ದಾಟುವುದರೊಳಗೆ ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಘಟ್ಟದ ಕೆಳಗಿಳಿದು, ಬಂದರಿನ ಬಂಡೆಗಳಿಂದ ಒಂದು ಡಬ್ಬಿ, ದೂರದ ನಿರ್ಜನ ಕೊಲ್ಲಿಯಿಂದ ಇನ್ನೊಂದು ಡಬ್ಬಿ ಹುಳು ಆರಿಸಿ, ಕಡಲ ನೀರಿನಲ್ಲೇ ಜೀವಂತ ತಂದೆ. ವಾಪಸ್ ಬರುವಾಗ ರೈಲು ಗುಂಜಿಯಲ್ಲಿ ತಾಸುಗಟ್ಟಲೆ ನಿಂತಿತು. ಶನಿವಾರ ಸಂಜೆ, ಪ್ರಯೋಗಾಲಯಕ್ಕೆ ಬೀಗ ಬಿದ್ದಿರುತ್ತದೆ. ಖಾನಾಪುರದಲ್ಲೇ ಇಳಿದೆ. ನಮ್ಮದು ಬಸವಣ್ಣನವರನ್ನು ನಂಬಿದ, ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅವ್ವ ಮೂಗು ಮುಚ್ಚಿಕೊಂಡು ಹಿತ್ತಲು ತೋರಿಸಿದಳು. ಮುಟ್ಟಬೇಡ ಎಂದಷ್ಟೇ ಹೇಳಿ ಡಬ್ಬಿಗಳನ್ನು ಅಲ್ಲಿಟ್ಟೆ.

ಮರುದಿನ ಬೀಗದ ಕೈಗಾಗಿ ಬೆಳಗಾವಿಗೆ ಹೋಗಿ, ಕೋಟೆಯ ಆಚೆ ಜವಾನನ ಮನೆ ಹುಡುಕಿ, ಅವನೂ ಸಿಗದೆ ಸಂಜೆ ಬರಿಗೈಯಲ್ಲಿ ಬಂದೆ. ಡಬ್ಬಿಗಳು ಇಟ್ಟಲ್ಲೇ ಇದ್ದವು.

ಸೋಮವಾರ ಅವನ್ನು ಪ್ರಯೋಗಾಲಯಕ್ಕೆ ಒಯ್ದು, ಲೋಹ ಅಳೆಯುವ ಯಂತ್ರದ ಸರದಿಗೆ ವಾರಗಟ್ಟಲೆ ಕಾದೆ. ಕೊನೆಗೆ ನೋಡಿದರೆ ಎರಡೂ ಕಡೆಯ ಹುಳುಗಳಲ್ಲಿ ಸತು ಒಂದೇ ಸಮ, ಅದೂ ನಂಬಲಾಗದಷ್ಟು ಹೆಚ್ಚು.

"ಇವನ್ನ ಎಲ್ಲಿ ಇಟ್ಟಿದ್ರಿ?" ಎಂದರು ಮಾರ್ಗದರ್ಶಕರು.

"ಪ್ಲಾಸ್ಟಿಕ್ ಡಬ್ಬ್ಯಾಗ್ರೀ ಸರ್."

"ಖರೇ ಹೇಳ್ರಿ."

ಖರೇ ಹೇಳಿಯೂ ಸುಳ್ಳುಗಾತಿಯಾದೆ. ಮನೆಗೆ ಬಂದು ಇದನ್ನು ಹೇಳಿಕೊಂಡಾಗ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ನೀ ಹೋದ ಮ್ಯಾಲೆ ನೋಡಿದೆ, ಒಂದರ ಮ್ಯಾಲೊಂದು ಬಿದ್ದಿದ್ವು. ಜೀವ ಅಲ್ಲೇನ ಅವು? ಎರಡೂ ಡಬ್ಬೀವು ನೀರಿನ ಸಮೇತ ಹೊಸಾ ಬಕೀಟಿಗೆ ಸುರುವಿದೆ. ನೀ ಬರೂದ್ರಾಗ ಸಮ ಪಾಲು ಮಾಡಿ ಮತ್ತ ಡಬ್ಬ್ಯಾಗ ಹಾಕಿಟ್ಟೆ."

ಅದು ಸತುವಿನ ಲೇಪದ ತಗಡಿನ ಬಕೆಟ್; ಉಪ್ಪುನೀರಿನಲ್ಲಿ ಆ ಸತು ಕರಗುತ್ತದೆ.

"ಮುಟ್ಟಬ್ಯಾಡ ಅಂದಿದ್ದೆಲ್ಲಬೇ!" ಎಂದು ಕೂಗಾಡಿದೆ.

"ಅಂದಿದ್ದಿ. ಯಾಕಂತ ಹೇಳಿದ್ದೇನು?"

ಹೇಳಿರಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಅಷ್ಟರಲ್ಲಿ ಮಳೆಗಾಲ ಬಂದು ಬಂಡೆಗಳು ಅಲೆಯಡಿ ಹೋದವು. ದೀಪಾವಳಿ ಕಳೆದ ಮೇಲೆ ಮತ್ತೆ ಹೋದರೆ, ಹೊಸ ಗೋಡೆ ಕಟ್ಟಲೆಂದು ಬಂದರಿನ ಬಂಡೆಗಳನ್ನೇ ಒಡೆದು ಹಾಕಿದ್ದರು. ಪ್ರಬಂಧದಿಂದ ಲೋಹದ ಅಧ್ಯಾಯ ತೆಗೆದು, ಚಿಪ್ಪುಗಳ ಉದ್ದಗಲ ಅಳೆದು ಪುಟ ತುಂಬಿಸಿದೆ. ಪದವಿಯೇನೋ ಬಂತು. ಆ ಬಂದರಿನ ನೀರು ಎಷ್ಟು ಕೆಟ್ಟಿತ್ತೆಂದು ಯಾರಾದರೂ ಕೇಳಿದರೆ, ನನಗೆ ಇವತ್ತಿಗೂ ಗೊತ್ತಿಲ್ಲ.