ನುಣುಪು ಮಾಡಿದ ಗಾಡಿ

ನನ್ನ ಕೈಗೆ ಒಂದು ಕೆಟ್ಟ ಚಾಳಿಯಿದೆ. ಏನು ಸಿಕ್ಕರೂ ಸವರಿ ನೋಡುತ್ತದೆ. ಬಸ್ಸಿನ ಕಂಬಿ, ಬಾಗಿಲ ಚಿಲಕ, ಊಟದ ತಟ್ಟೆಯ ಅಂಚು, ಎಲ್ಲಿ ಚೂರು ಉಬ್ಬು ತಗ್ಗು ಇದ್ದರೂ ಬೆರಳು ಅಲ್ಲೇ ನಿಂತುಬಿಡುತ್ತದೆ. ಹೈದರಾಬಾದಿನ ನಾಚಾರಂನ ಒಂದು ಚಿಕ್ಕ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ನನ್ನದು ಬಫಿಂಗ್ ಕೆಲಸ. ಅಂದರೆ ಎರಕದಿಂದ ಒರಟಾಗಿ ಬಂದ ನಲ್ಲಿ, ಹಿಡಿಕೆಗಳನ್ನು ತಿರುಗುವ ಚಕ್ರಕ್ಕೆ ಹಿಡಿದು ಮುಖ ಕಾಣುವ ಹಾಗೆ ತಿಕ್ಕುವುದು. ಬೆರಳಿಗೆ ಏನಾದರೂ ತಗುಲಿತೋ, ಮಾಲು ವಾಪಸ್. ಈ ಚಾಳಿಯಿಂದಲೇ ಹೊಟ್ಟೆ ತುಂಬಿದೆ, ಈ ಚಾಳಿಯಿಂದಲೇ ಠಾಣೆಯ ಮೆಟ್ಟಿಲನ್ನೂ ಹತ್ತಿದ್ದೇನೆ.

ಗಾಡಿ ಅಪ್ಪನದು. ಅಪ್ಪ ಗೌಂಡಿ. ಕಲಬುರಗಿ ಕಡೆಯ ಹಳ್ಳಿಯಿಂದ ಇಟ್ಟಿಗೆ ಹೊರಲು ಹೈದರಾಬಾದಿಗೆ ಬಂದವನು ಕರಣೆ ಹಿಡಿಯುವುದನ್ನು ಇಲ್ಲೇ ಕಲಿತ, ನೂರು ಸಿಸಿಯ ಕಪ್ಪು ಬೈಕನ್ನೂ ಇಲ್ಲೇ ಕೊಂಡ. ತೂಗುಗುಂಡು, ಊಟದ ಡಬ್ಬಿ, ಹಿಂದಿನ ಸೀಟಿನ ಮೇಲೆ ಅವ್ವ, ಎಲ್ಲವನ್ನೂ ಅದರ ಮೇಲೇ ಹೊತ್ತು ಊರಿಡೀ ಗೋಡೆ ಕಟ್ಟಿದ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಅಪ್ಪನ ಆಧಾರ್, ರೇಷನ್ ಕಾರ್ಡುಗಳ ಮೇಲೆಲ್ಲ ಹಳ್ಳಿಯ ವಿಳಾಸವಿದೆ. ಉಪ್ಪಲ್‌ನ ನಮ್ಮ ಬಾಡಿಗೆ ಕೋಣೆಯ ಕರೆಂಟ್ ಬಿಲ್ಲು ಮಾಲೀಕನ ಹೆಸರಿನಲ್ಲಿ ಬರುತ್ತದೆ. ಈ ಊರಿನ ವಿಳಾಸದ ಜೊತೆ ಅಪ್ಪನ ಹೆಸರು ಅಚ್ಚಾಗಿರುವುದು ಒಂದೇ ಕಡೆ, ಗಾಡಿಯ ಆರ್‌ಸಿ ಕಾರ್ಡಿನಲ್ಲಿ. ಓದು ಬಾರದಿದ್ದರೂ ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಅವನಿಗೆ ಗೊತ್ತು. ಕೆಲಸದ ಜಾಗಗಳಲ್ಲಿ ಯಾರಾದರೂ ‘ಎಲ್ಲಿಯವನು ನೀನು’ ಎಂದು ಕೇಳಿದಾಗಲೆಲ್ಲ ತೋರಿಸಿದ್ದು ಅದನ್ನೇ.

ಮೊಣಕಾಲು ಕೈಕೊಟ್ಟು ಗಾಡಿ ಓಡಿಸುವುದನ್ನು ಬಿಟ್ಟ ಮೇಲೂ ಕಾರ್ಡು ಅವನ ಅಂಗಿಯ ಜೇಬಿನಲ್ಲೇ ಇತ್ತು. ಹದಿನೈದು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ, ಗಾಡಿ ತೋರಿಸಿ ಮತ್ತೆ ನೋಂದಾಯಿಸಬೇಕು ಎಂದು ಯಾರೋ ಹೇಳಿದ್ದೇ ತಡ, ಅಪ್ಪನಿಗೆ ಅದೇ ಚಿಂತೆಯಾಯಿತು.

"ಗಾಡಿ ನೀ ಓಡಿಸ್ಕೊ. ಕಾರ್ಡ್ ಮಾತ್ರ ಸಾಯಬಾರದು ನೋಡಪಾ," ಎಂದ.

ಆಗಲಿ ಎಂದೆ. ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಸ್ವಲ್ಪ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಗಾಡಿಯನ್ನು ನಾಚಾರಂಗೆ ಒಯ್ದೆ. ಆ ಹೊತ್ತಿಗೆ ನನ್ನ ತಲೆ ಕೆಟ್ಟಾಗಿತ್ತು.

ತಲೆ ಕೆಡಿಸಿದ್ದು ಫೋನಿನ ವಿಡಿಯೊಗಳು. ಹಳೆಯ ಬೈಕನ್ನು ಕಡಿಮೆ ಖರ್ಚಿನಲ್ಲಿ ಬೇರೆಯದೇ ಮಾಡಿ ತೋರಿಸುವ ಹುಡುಗರು. ಹ್ಯಾಂಡಲ್ ತಗ್ಗಿಸಿ, ಸೀಟು ಚಪ್ಪಟೆ ಮಾಡಿ, ಹಿಂದೆ ಒಂದು ಗೂನು ಇಟ್ಟರೆ ಅದು ಕೆಫೆ ರೇಸರ್. ಮಡ್‌ಗಾರ್ಡ್ ಕತ್ತರಿಸಿ, ದಪ್ಪ ಟೈರು ಹಾಕಿ, ಒಬ್ಬನೇ ಕೂರುವಂತೆ ಮಾಡಿದರೆ ಬಾಬರ್. ಸೈಲೆನ್ಸರ್ ಮೇಲೆತ್ತಿ ಕಚ್ಚಾ ರಸ್ತೆಯ ಟೈರು ತೊಡಿಸಿದರೆ ಸ್ಕ್ರ್ಯಾಂಬ್ಲರ್. ವಿಡಿಯೊದಲ್ಲಿ ಇದೆಲ್ಲ ಹತ್ತು ನಿಮಿಷದಲ್ಲಿ ಮುಗಿದು ಹಾಡು ಶುರುವಾಗುತ್ತದೆ. ಬೆಸುಗೆ ಬಿಟ್ಟುಕೊಂಡದ್ದು, ವೈರು ಸುಟ್ಟದ್ದು, ಹೆಂಡತಿ ಮಾತು ಬಿಟ್ಟದ್ದು ಯಾವುದನ್ನೂ ಅವರು ತೋರಿಸುವುದಿಲ್ಲ. ನಾನು ಮೊದಲು ಕೆಫೆ ರೇಸರ್ ಎಂದು ಹೊರಟೆ. ಹ್ಯಾಂಡಲ್ ತಗ್ಗಿಸಿದ ಎರಡೇ ದಿನಕ್ಕೆ ಸೊಂಟ ಹಿಡಿದುಕೊಂಡಿತು. ಹಾಗಾದರೆ ಬಾಬರ್ ಎಂದುಕೊಂಡೆ, ದಪ್ಪ ಟೈರು ಚೈನಿಗೆ ಉಜ್ಜಿತು. ಕೊನೆಗೆ ಮೂರರಿಂದಲೂ ಅಷ್ಟಷ್ಟು ಕದ್ದು ಹೆಸರಿಲ್ಲದ ಒಂದು ಗಾಡಿ ಮಾಡಿದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಅದೇ ಕತೆ.

ಭಾನುವಾರಗಳಂದು ಕಾರ್ಖಾನೆಯ ಶೆಡ್ಡಿನಲ್ಲಿ ಕೆಲಸ ಮಾಡಲು ಮಾಲೀಕರು ಒಪ್ಪಿದ್ದರು. ಮೊದಲನೆಯ ಭಾನುವಾರವೇ ಗ್ರೈಂಡರ್ ಹಿಡಿದು ಹಿಂದಿನ ಚೌಕಟ್ಟನ್ನು ಒಂದೂವರೆ ಗೇಣು ಕೊಯ್ದೆ. ಅವ್ವ ಕೂರುತ್ತಿದ್ದ ಸೀಟು, ಕಾಲಿಡುವ ಕಂಬಿ, ಸೀರೆ ಸಿಕ್ಕದಂತೆ ಹಾಕಿಸಿದ್ದ ಜಾಳಿಗೆ ಎಲ್ಲವೂ ಗುಜರಿಗೆ ಹೋದವು. ಹೊಸ ಸೀಟಿಗೆ ಸೋಫಾ ಹೊಲಿಯುವವನ ಹತ್ತಿರ ಉಳಿದ ಫೋಮ್ ತಂದೆ. ದುಂಡನೆಯ ಹೆಡ್‌ಲೈಟು, ಬೇರೆ ಟ್ಯಾಂಕು ಗುಜರಿಯಲ್ಲೇ ಸಿಕ್ಕವು. ಕೊಳ್ಳಲು ಕೈಯಲ್ಲಿ ಆಗದ್ದನ್ನೆಲ್ಲ ತಿಕ್ಕಿ ತೀರಿಸಿದೆ. ನನಗೆ ಬರುವುದು ಅದೊಂದೇ.

ಚೌಕಟ್ಟಿನ ಪ್ರತಿ ಕೊಳವೆಯನ್ನೂ ಬರಿಗೈಯಲ್ಲಿ ಸವರುತ್ತ ಹೋದೆ. ಹ್ಯಾಂಡಲಿನ ಬುಡದಲ್ಲಿ ಬೆರಳಿಗೆ ಏನೋ ಗರಗರ ತಗುಲಿತು. ಸಾಲಾಗಿ ಚಿಕ್ಕ ಚಿಕ್ಕ ಗುಳಿಗಳು. ಬಣ್ಣ, ತುಕ್ಕು, ಹದಿನೈದು ವರ್ಷದ ಸಿಮೆಂಟು ಕೂತು ಅದು ಏನೆಂದು ಕಾಣುತ್ತಿರಲಿಲ್ಲ. ಕಂಡಿದ್ದರೂ ಬಿಡುತ್ತಿದ್ದೆ ಎಂದು ಎದೆ ಮುಟ್ಟಿಕೊಂಡು ಹೇಳಲಾರೆ. ಚಕ್ರ ಹಿಡಿದೆ. ಬೆರಳಿಗೆ ಏನೂ ತಗುಲದ ತನಕ ಬಿಡಲಿಲ್ಲ. ಮುಂದಿನ ಭಾನುವಾರ ಎಂಜಿನ್ನಿನ ಹೊರಮೈಯನ್ನು ನಲ್ಲಿಯ ಹಾಗೆ ಹೊಳೆಯಿಸಿದೆ. ಅಲ್ಲಿಯೂ ಒಂದು ಕಡೆ ಹಾಗೆಯೇ ಗರಗರ ಇತ್ತು, ಅದನ್ನೂ ತೆಗೆದೆ. ಕಾರ್ಖಾನೆಯವರೆಲ್ಲ ಬಂದು ಸವರಿ ನೋಡಿ ಭೇಷ್ ಎಂದರು. ನಾನು ಹಿಗ್ಗಿದೆ.

ಬೂದು ಬಣ್ಣ ಹೊಡೆಸಿ ಮನೆಗೆ ತಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಎದ್ದು ಬಂದು ಒಂದು ಸುತ್ತು ಹಾಕಿದ. ಹಾರ್ನ್ ಹೊಡೆಯುತ್ತದೆಯೇ ಎಂದು ಕೇಳಿದ, ಹೊಡೆದು ತೋರಿಸಿದೆ. ಮತ್ತೆ ಹೋಗಿ ಕಟ್ಟೆಯ ಮೇಲೆ ಕೂತ. ಅವನಿಗೆ ಮೆಚ್ಚಿಗೆಯಾಗಿದೆ ಎಂದೇ ನಾನು ತಿಳಿದೆ. ಹಾಗೆ ತಿಳಿಯುವುದು ನನಗೆ ಅನುಕೂಲವೂ ಆಗಿತ್ತು.

ನೋಂದಣಿ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಮೊದಲು ಗಾಡಿಯ ಅವತಾರಕ್ಕೆ ಬೈದರು. ಸೀಟು, ಇಂಡಿಕೇಟರ್, ಮಡ್‌ಗಾರ್ಡ್ ಎಲ್ಲ ಮೊದಲಿನಂತೆ ಮಾಡಿಕೊಂಡು ಬಾ ಎಂದರು. ಆಗಲಿ ಸಾರ್ ಎಂದೆ. ಆಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳಿದರು. ಅಂದರೆ ಕಬ್ಬಿಣಕ್ಕೆ ಹೊಡೆದಿರುವ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಮೂಡಬೇಕು. ಎಲ್ಲಿರುತ್ತದೆ ಸಾರ್ ಎಂದು ಕೇಳಿದೆ. ಅವರು ಹ್ಯಾಂಡಲಿನ ಬುಡಕ್ಕೆ ಬೆರಳು ತೋರಿಸಿದರು. ಅದೇ ಗುಳಿಗಳ ಜಾಗ. ಆದರೂ ಕಾಗದ ಇಟ್ಟು ಉಜ್ಜಿದೆ. ಇಡೀ ಕಾಗದ ಕಪ್ಪಾಯಿತು, ಒಂದು ಗೆರೆಯೂ ಮೂಡಲಿಲ್ಲ. ಎಂಜಿನ್ ನಂಬರ್ ಆದರೂ ಇದೆಯಾ ಎಂದರು. ಬಗ್ಗಿ ನೋಡಿದರೆ ಹೊಳಪಿನಲ್ಲಿ ನನ್ನ ಮುಖವೇ ಕಂಡಿತು.

ಇನ್‌ಸ್ಪೆಕ್ಟರ್ ಕೆಟ್ಟವರೇನಲ್ಲ. ನಂಬರು ಉಜ್ಜಿದ ಗಾಡಿ ಎಂದರೆ ಕದ್ದದ್ದು ಎಂದೇ ಲೆಕ್ಕ, ನಾನು ಮುಟ್ಟುವ ಹಾಗಿಲ್ಲ ಎಂದರು. ಇದು ಕಳವಿನದಲ್ಲ ಎಂದು ಠಾಣೆಯಿಂದ ಬರೆಸಿಕೊಂಡು ಬಾ, ಮಾಲೀಕರೇ ಬಂದು ಹೇಳಿಕೆ ಕೊಡಬೇಕು, ಆಮೇಲೆ ಹೊಸದಾಗಿ ನಂಬರ್ ಹೊಡೆಸಲು ಅನುಮತಿ ಕೊಡಬಹುದು ಎಂದು ದಾರಿಯನ್ನೂ ತೋರಿಸಿದರು. ಹೊರಗೆ ಬಂದು ಗಾಡಿಗೆ ಒಂದು ಒದೆ ಕೊಟ್ಟೆ. ಕಾಲಿಗೇ ಪೆಟ್ಟಾಯಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದೆ, ನನ್ನನ್ನು ಬಿಟ್ಟು ಒಬ್ಬರೂ ಸಿಗಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಅಪ್ಪನಿಗೆ ಹೇಳಲು ಮೂರು ದಿನ ಬೇಕಾಯಿತು. ಕಾರ್ಡಿನ ಅವಧಿ ಮುಗಿಯಲು ಎಂಟೇ ದಿನ ಉಳಿದಿತ್ತು. ಎಲ್ಲ ಕೇಳಿಸಿಕೊಂಡು, ತಾನು ಬಂದು ಹೇಳಿದರೆ ಕಾರ್ಡ್ ಉಳಿಯುತ್ತದೆಯೇ ಎಂದಷ್ಟೇ ಕೇಳಿದ. ಉಳಿಯುತ್ತದೆ ಎಂದೆ. ಒಗೆದಿಟ್ಟ ಅಂಗಿ ಹಾಕಿಕೊಂಡು ಹೊರಟ. ಗಾಡಿಯ ಮೇಲೆ ಇಬ್ಬರು ಕೂರುವ ಹಾಗಿರಲಿಲ್ಲ. ಅಪ್ಪನನ್ನು ಆಟೋದಲ್ಲಿ ಕೂರಿಸಿ ಹಿಂದೆ ನಾನೊಬ್ಬನೇ ಗಾಡಿಯಲ್ಲಿ ಹೋದೆ. ಮಾಲೀಕ ಮುಂದೆ ಬಾಡಿಗೆ ಆಟೋದಲ್ಲಿ, ಕೆಡಿಸಿದವನು ಹಿಂದೆ ಅವನ ಗಾಡಿಯ ಮೇಲೆ. ನಾಚಿಕೆಯಾಯಿತು.

ಠಾಣೆಯ ಎಸ್‌ಐ ಕಾರ್ಡು ತೆಗೆದುಕೊಂಡು ಅಂಗಳಕ್ಕೆ ಬಂದರು. ಕಾರ್ಡಿನಲ್ಲಿ ಕಪ್ಪು ಬಣ್ಣ ಎಂದಿದೆ, ಇದು ಬೂದು. ಟ್ಯಾಂಕು ಬೇರೆ, ಸೀಟು ಬೇರೆ, ನಂಬರಂತೂ ಇಲ್ಲವೇ ಇಲ್ಲ. ನಂಬರ್ ಪ್ಲೇಟನ್ನು ಯಾರು ಬೇಕಾದರೂ ಯಾವ ಗಾಡಿಗೆ ಬೇಕಾದರೂ ತಿರುಪು ಹಾಕಿ ಕೂರಿಸಬಹುದು ಎಂದರು. ಯಾಕೆ ಉಜ್ಜಿದೆ ಎಂದು ನನ್ನನ್ನು ಕೇಳಿದರು. ಚೆನ್ನಾಗಿ ಕಾಣಲಿ ಎಂದು ಸಾರ್, ಎಂದೆ. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ನಕ್ಕ. ಎಸ್‌ಐ ನಗಲಿಲ್ಲ. ಅಪ್ಪನ ಕಡೆ ತಿರುಗಿ ಮರ್ಯಾದೆಯಿಂದಲೇ ತೆಲುಗಿನಲ್ಲಿ, ಹಿರಿಯರೇ, ಸರಿಯಾಗಿ ನೋಡಿ ಹೇಳಿ, ಈ ಗಾಡಿ ನಿಮ್ಮದೇನಾ ಎಂದು ಕೇಳಿದರು.

ಅಪ್ಪ ಸರಿಯಾಗಿಯೇ ನೋಡಿದ. ಟ್ಯಾಂಕು ಮುಟ್ಟಿದ, ಸೀಟಿನ ಹಿಂದೆ ಚೌಕಟ್ಟು ಮೊಟಕಾದ ಕಡೆ ಕೈಯಿಟ್ಟ, ಹ್ಯಾಂಡಲಿನ ಬುಡದಲ್ಲಿ ಹೆಬ್ಬೆರಳು ಆಡಿಸಿದ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಹೌದು ಎನ್ನುವ ಒಂದೇ ಮಾತು ಸಾಕಿತ್ತು.

"ಕಾದು ಸಾರ್," ಎಂದ. ಅಲ್ಲ ಸಾರ್, ಎಂದು.

ಎಸ್‌ಐ ಮತ್ತೊಮ್ಮೆ ಕೇಳಿದರು. ಅಪ್ಪ ಮತ್ತೆ ಅದನ್ನೇ ಹೇಳಿದ. ನಾನು ನಡುವೆ ಬಾಯಿ ಹಾಕಲು ಹೋದೆ, ಕಾನ್‌ಸ್ಟೇಬಲ್ ಸುಮ್ಮನಿರಿಸಿದ. ನನ್ನ ವಿಳಾಸ, ಕಾರ್ಖಾನೆಯ ವಿಳಾಸ ಬರೆದುಕೊಂಡರು. ಕರೆದಾಗ ಬರಬೇಕು ಎಂದರು. ಗಾಡಿಯನ್ನು ಅಂಗಳದ ಮೂಲೆಗೆ, ತುಕ್ಕು ಹಿಡಿದ ಬೇರೆ ಗಾಡಿಗಳ ಸಾಲಿಗೆ ತಳ್ಳಿಸಿದರು. ತಳ್ಳಿದವನು ನಾನೇ.

ವಾಪಸ್ ಬರುವಾಗ ಒಂದೇ ಆಟೋದಲ್ಲಿ ಕೂತೆವು. ಎರಡು ಸಿಗ್ನಲ್ ದಾಟುವವರೆಗೂ ಸಿಟ್ಟು ತಡೆದುಕೊಂಡೆ, ಆಮೇಲೆ ಆಗಲಿಲ್ಲ.

"ಹೌದು ಅಂದಿದ್ರ ಮುಗೀತಿತ್ತಲ್ಲಪಾ. ಕಾರ್ಡ್ ಹೋತು, ಗಾಡೀನೂ ಹೋತು. ಯಾಕ ಹಂಗ ಹೇಳಿದಿ?"

ಅಪ್ಪ ಹೊರಗೆ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಗಾಡಿ ನಿಂದೇನು ಅಂತ ಆ ಸಾಹೇಬ್ರಾದ್ರೂ ನನ್ನ ಕೇಳಿದ್ರು," ಎಂದ. "ನೀ ಕೊಯ್ಯೂ ಮುಂದ ಕೇಳಲಿಲ್ಲ."